ಮಳೆಯಲ್ಲಿ ನಿಂತ ಎಫ್-35, ಮತ್ತೆ ನಮ್ಮ ಎಎಂಸಿಎಗೆ ಅಷ್ಟು ವರ್ಷ ಯಾಕೆ?

ಪ್ರಶ್ನೆ: ಸರ್, ನಾನು ಗೋಣಿಕೊಪ್ಪದ ಹತ್ತಿರ ಕಾಫಿ ಬೆಳೆಯುವವನು. 2025ರ ಮಳೆಗಾಲದಲ್ಲಿ ತಿರುವನಂತಪುರದಲ್ಲಿ ಬ್ರಿಟಿಷರ ಎಫ್-35 ವಿಮಾನ ಒಂದು ತಿಂಗಳಿಗೂ ಜಾಸ್ತಿ ಕೆಟ್ಟು ನಿಂತಿತ್ತು, ಎಷ್ಟೋ ದಿನ ಬಯಲಲ್ಲೇ ಮಳೆಯಲ್ಲಿ ನೆನೆಯಿತು. ರಾಡಾರ್‌ಗೆ ಕಾಣದ ಹಾಗೆ ಮಾಡುವ ಆ ಪೇಂಟ್ ನಮ್ಮ ಕಡೆಯ ಮಳೆಗೆ ತೊಳೆದು ಹೋಗುವುದಿಲ್ಲವೇ? ಇನ್ನೊಂದು, ನಮ್ಮದೇ ಸ್ಟೆಲ್ತ್ ವಿಮಾನ ಎಎಂಸಿಎ 2028-29ರ ಹೊತ್ತಿಗೆ ಹಾರಬಹುದು, ಆದರೆ ವಾಯುಪಡೆಗೆ ಸಿಗುವುದು 2035ರ ಆಸುಪಾಸಿನಲ್ಲಿ ಅನ್ನುತ್ತಾರೆ. ಹಾರಿದ ಮೇಲೂ ಆರೇಳು ವರ್ಷ ಏನು ಮಾಡುತ್ತಾರೆ? ಪಿಯುಸಿ ಓದುವ ಮಗ ಕೇಳಿದ, ನನಗೆ ಉತ್ತರ ಗೊತ್ತಾಗಲಿಲ್ಲ.

ಉತ್ತರ: ಮಳೆಯಿಂದಲೇ ಶುರು ಮಾಡೋಣ. ನಾನು ಇದನ್ನು ಬರೆಯುತ್ತಿರುವುದೂ ಕಕ್ಕಡದ ಮಳೆಯಲ್ಲೇ. ನಾಪೋಕ್ಲು ಕಡೆಯ ನಮ್ಮ ತೋಟದಲ್ಲಿ ಕರೆಂಟ್ ಹೋಗಿ ಮೂರು ದಿನ ಆಯಿತು, ಲ್ಯಾಪ್‌ಟಾಪ್ ಚಾರ್ಜ್ ಮುಗಿಯುವುದರೊಳಗೆ ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ಮೊದಲೇ ಒಂದು ಮಾತು. ನಾನು ಪೈಲಟ್ ಅಲ್ಲ. ಬೆಂಗಳೂರಿನಲ್ಲಿ ಇಪ್ಪತ್ತೆಂಟು ವರ್ಷ ಟೆಸ್ಟ್ ಹಾರಾಟದ ಟೆಲಿಮೆಟ್ರಿ ರೂಮಿನಲ್ಲಿ, ಅಂದರೆ ಹಾರುತ್ತಿರುವ ವಿಮಾನ ಕಳಿಸುವ ಅಳತೆಗಳು ಪರದೆ ಮೇಲೆ ಬರುವ ಕೋಣೆಯಲ್ಲಿ, ಕೂತು ಗೆರೆ ನೋಡಿದವನು. ಪೈಲಟ್ ಮೇಲೆ ಇರುತ್ತಾನೆ, ನಾವು ಕೆಳಗೆ ಎಸಿ ರೂಮಿನಲ್ಲಿ ಬೆವರುತ್ತಿರುತ್ತೇವೆ.

ತಿರುವನಂತಪುರದ ವಿಮಾನ ಮಳೆಯಿಂದ ಕೆಟ್ಟಿದ್ದಲ್ಲ. ಎಚ್‌ಎಂಎಸ್ ಪ್ರಿನ್ಸ್ ಆಫ್ ವೇಲ್ಸ್ ಎಂಬ ಹಡಗಿನಿಂದ ಬಂದ ಆ ಎಫ್-35ಬಿ 2025ರ ಜೂನ್ 14ರಂದು ಇಂಧನ ಕಡಿಮೆಯಾಗಿ, ಹವಾಮಾನವೂ ಕೈಕೊಟ್ಟು ಅಲ್ಲಿ ಇಳಿಯಿತು. ಆಮೇಲೆ ಹೈಡ್ರಾಲಿಕ್ ತೊಂದರೆ ಕಾಣಿಸಿಕೊಂಡಿತು. ಬ್ರಿಟನ್ನಿನಿಂದ ಎಂಜಿನಿಯರುಗಳ ತಂಡ ಬಂತು, ವಿಮಾನವನ್ನು ಹ್ಯಾಂಗರ್‌ಗೆ ಎಳೆದರು, ರಿಪೇರಿ ಮಾಡಿದರು, ಜುಲೈ 22ಕ್ಕೆ ಅದು ಹಾರಿ ಹೋಯಿತು. 38 ದಿನ. ಅಷ್ಟರಲ್ಲಿ ಕೇರಳದವರು ಅದನ್ನು ಇಟ್ಟುಕೊಂಡು ಎಷ್ಟು ಜೋಕ್ ಮಾಡಿದರು ಅಂತ ನಿಮಗೂ ಗೊತ್ತು.

ಪೇಂಟ್ ತೊಳೆದು ಹೋಗುವುದಿಲ್ಲ. ಎಫ್-35ರಲ್ಲಿ ರಾಡಾರ್ ಅಲೆ ಹೀರುವ ಪದರವನ್ನು ಹೊರ ಮೈಯ ಜೊತೆಗೇ ಬೇಯಿಸಿ ಕೂರಿಸಿರುತ್ತಾರೆ, ಗೋಡೆಗೆ ಸುಣ್ಣ ಬಳಿದ ಹಾಗಲ್ಲ. ಆದರೆ ನಿಮ್ಮ ಪ್ರಶ್ನೆಯನ್ನು ನಗಾಡಿ ತಳ್ಳಿಹಾಕುವ ಹಾಗೂ ಇಲ್ಲ. ಅಮೆರಿಕದ ಬಿ-2 ಬಾಂಬರ್‌ನ ಲೇಪನಕ್ಕೆ ನೀರು ಮತ್ತು ತೇವ ಆಗಿಬರುವುದಿಲ್ಲ ಅಂತ 1997ರಲ್ಲಿ ಅಲ್ಲಿನ ಸರ್ಕಾರದ ಲೆಕ್ಕಪರಿಶೋಧಕರೇ ವರದಿ ಕೊಟ್ಟಿದ್ದರು. ಅದನ್ನು ಇಡುವುದಕ್ಕೆ ಬಿಸಿ, ತೇವ ಎರಡನ್ನೂ ಹಿಡಿತದಲ್ಲಿ ಇಡುವ ವಿಶೇಷ ಹ್ಯಾಂಗರ್ ಬೇಕಾಯಿತು.

ಮಳೆ ನಿಜವಾಗಿ ಏನು ಮಾಡಿತು ಅನ್ನುವುದಕ್ಕೆ ಇನ್ನೊಂದು ಕಥೆ ಇದೆ. ನಾನು ಹೊಸ ಹುಡುಗರಿಗೆ ಮೊದಲ ದಿನವೇ ಹೇಳುತ್ತಿದ್ದ ಕಥೆ ಇದು. ಸಾಮಾನ್ಯ ವಿಮಾನದ ಮೂತಿಯಲ್ಲೋ ಪಕ್ಕದಲ್ಲೋ ಒಂದು ಸಣ್ಣ ಕೊಳವೆ ಚಾಚಿರುತ್ತದೆ, ಪಿಟೊ ಟ್ಯೂಬ್ ಅಂತ, ಗಾಳಿಯ ಒತ್ತಡ ಅಳೆದು ವೇಗ ಹೇಳುವುದು ಅದರ ಕೆಲಸ. ಹಾಗೆ ಚಾಚಿದ ಕೊಳವೆ ರಾಡಾರ್‌ಗೆ ಚೆನ್ನಾಗಿ ಕಾಣುತ್ತದೆ. ಅದಕ್ಕೇ ಬಿ-2ರಲ್ಲಿ ಕೊಳವೆ ತೆಗೆದು, ಮೈಗೆ ಸಮನಾಗಿ ಚಿಕ್ಕ ಚಿಕ್ಕ ತೂತು ಇಟ್ಟು ಅದರ ಹಿಂದೆ ಸೆನ್ಸರ್ ಕೂರಿಸಿದರು. 2008ರ ಫೆಬ್ರವರಿ 23ರಂದು ಪೆಸಿಫಿಕ್ ಸಾಗರದ ಗುವಾಮ್ ದ್ವೀಪದಲ್ಲಿ, ಜೋರು ಮಳೆ ಬಂದು ಹೋದ ಮೇಲೆ, ಆ ಸೆನ್ಸರುಗಳ ಒಳಗೆ ತೇವ ಸೇರಿತ್ತು. ತೇವ ಇದ್ದಾಗಲೇ ಅವನ್ನು ಸರಿಹೊಂದಿಸಿದರು. ಆಮೇಲೆ ಹಾರುವ ಮುಂಚೆ ಸೆನ್ಸರ್ ಬಿಸಿ ಮಾಡಿ ನೀರು ಆರಿದಾಗ, ಸರಿಹೊಂದಿಸಿದ ಲೆಕ್ಕವೇ ತಪ್ಪಾಯಿತು. ಕಂಪ್ಯೂಟರ್‌ಗೆ ವಿಮಾನ ಇರುವುದಕ್ಕಿಂತ ಜಾಸ್ತಿ ವೇಗದಲ್ಲಿ ಓಡುತ್ತಿದೆ ಅಂತ ಅನ್ನಿಸಿತು. ವೇಗ ಸಾಲದೆ ಮೇಲೆದ್ದ ವಿಮಾನದ ಮೂತಿಯನ್ನು ಕಂಪ್ಯೂಟರೇ ಇನ್ನೂ ಮೇಲಕ್ಕೆ ಎತ್ತಿತು. ಅಲ್ಲೇ ನಿಂತು, ವಾಲಿ, ರನ್‌ವೇ ಪಕ್ಕದಲ್ಲಿ ಬಿದ್ದು ಸುಟ್ಟುಹೋಯಿತು. ಇಬ್ಬರು ಪೈಲಟ್‌ಗಳೂ ಹಾರಿ ಬದುಕಿಕೊಂಡರು. ಹೋದ ವಿಮಾನದ ಬೆಲೆ ಸುಮಾರು 1.4 ಬಿಲಿಯನ್ ಡಾಲರ್. ಸೆನ್ಸರ್ ಬಿಸಿ ಮಾಡುವ ಸ್ವಿಚ್ಚನ್ನು ಮೊದಲೇ ಹಾಕಿದ್ದರೆ ನೀರು ಆವಿಯಾಗಿ ಹೋಗುತ್ತಿತ್ತು. ಆ ಉಪಾಯ ಕೆಲವು ಸಿಬ್ಬಂದಿಗೆ ಗೊತ್ತಿತ್ತು, ಎಲ್ಲರಿಗೂ ತಲುಪಿರಲಿಲ್ಲ.

ಈಗ ನೋಡಿ, ಕೊಳವೆ ತೆಗೆದಿದ್ದು ರಾಡಾರ್‌ನಿಂದ ಅಡಗಿಕೊಳ್ಳಲು. ತೊಂದರೆ ಬಂದಿದ್ದು ಮಳೆಯಲ್ಲಿ. ಸ್ಟೆಲ್ತ್ ವಿಮಾನದ ಟೆಸ್ಟಿಂಗ್ ಅಂದರೆ ಬಹುಪಾಲು ಇದೇ. ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಸಂದು ಬಿಡುತ್ತದೆ, ಆ ಸಂದು ಎಲ್ಲಿದೆ ಅಂತ ಹುಡುಕುವುದಕ್ಕೆ ವರ್ಷಗಳು ಬೇಕು.

ಸ್ಟೆಲ್ತ್ ಅಂದರೇನು ಅಂತ ಮಗನಿಗೆ ಹೇಳಬೇಕಾದರೆ ರಾತ್ರಿ ಟಾರ್ಚ್ ಹಿಡಿದು ತೋಟಕ್ಕೆ ಕರೆದುಕೊಂಡು ಹೋಗಿ. ಆನೆ ಇಲ್ಲ ಅಂತ ಖಾತ್ರಿ ಮಾಡಿಕೊಂಡು. ಪಂಪ್‌ಹೌಸ್‌ನ ಹೊಸ ತಗಡಿಗೆ ಟಾರ್ಚ್ ಬಿಡಿ. ನೇರ ಎದುರಿಗೆ ನಿಂತರೆ ಕಣ್ಣು ಕುಕ್ಕುತ್ತದೆ, ಸ್ವಲ್ಪ ಓರೆ ನಿಂತರೆ ಬೆಳಕು ಬೇರೆ ಕಡೆ ಹೋಗಿ ತಗಡು ಕಪ್ಪಾಗಿ ಕಾಣುತ್ತದೆ. ರಾಡಾರ್ ಅಲೆಯೂ ಅಷ್ಟೇ. ವಿಮಾನದ ಮೈಯನ್ನು ಓರೆ ಓರೆಯಾಗಿ ಮಾಡಿದರೆ ಅಲೆ ಬಂದ ದಾರಿಯಲ್ಲಿ ವಾಪಸ್ ಹೋಗುವುದಿಲ್ಲ. ಎರಡು ಗೋಡೆ ಸೇರುವ ಮೂಲೆ ಮಾತ್ರ ಕೆಟ್ಟದ್ದು, ಯಾವ ಕಡೆಯಿಂದ ಬಿಟ್ಟರೂ ತಿರುಗಿಸಿ ವಾಪಸ್ ಕೊಡುತ್ತದೆ. ಹಾಗಾಗಿ ಸ್ಟೆಲ್ತ್ ವಿಮಾನದ ಬಾಲ ನೇರ ನಿಂತಿರುವುದಿಲ್ಲ, ಓರೆಯಾಗಿರುತ್ತದೆ. ಬಾಂಬು, ಮಿಸೈಲ್ ರೆಕ್ಕೆ ಕೆಳಗೆ ನೇತಾಡುವುದಿಲ್ಲ, ಹೊಟ್ಟೆಯೊಳಗೆ ಹೋಗುತ್ತವೆ. ಎಂಜಿನ್‌ಗೆ ಗಾಳಿ ಹೋಗುವ ದಾರಿ ಹಾವಿನ ಹಾಗೆ ಬಳುಕಿರುತ್ತದೆ, ಎದುರಿನಿಂದ ಎಂಜಿನ್ನಿನ ಬ್ಲೇಡ್ ಕಾಣಬಾರದು ಅಂತ. ಕೆಲಸದ ದೊಡ್ಡ ಪಾಲು ಈ ಆಕಾರದ್ದೇ. ಲೇಪನ ಉಳಿದದ್ದನ್ನು ಹೀರುತ್ತದೆ, ಅಷ್ಟೇ.

ಇದರ ಲೆಕ್ಕ ಹಾಕಿಕೊಟ್ಟವರು ಸೋವಿಯತ್ ವಿಜ್ಞಾನಿ ಪ್ಯೋತರ್ ಉಫಿಮ್ತ್ಸೆವ್. ಅಂಚುಗಳಿಂದ ಅಲೆ ಹೇಗೆ ಚದುರುತ್ತದೆ ಅಂತ 1962ರಲ್ಲಿ ಅವರು ಬರೆದದ್ದು ಅವರ ದೇಶದಲ್ಲೇ ಗುಟ್ಟಾಗಿ ಇಡುವಷ್ಟು ಮುಖ್ಯ ಅಂತ ಯಾರಿಗೂ ಅನ್ನಿಸಲಿಲ್ಲ. ಅದರ ಅನುವಾದ ಅಮೆರಿಕದ ವಿಮಾನ ಕಂಪನಿ ಲಾಕ್‌ಹೀಡ್‌ನ ಡೆನಿಸ್ ಓವರ್‌ಹೋಲ್ಸರ್ ಕೈಗೆ ಸಿಕ್ಕಿತು. ಅವರು ಅದರಿಂದ ಕಂಪ್ಯೂಟರ್ ಪ್ರೋಗ್ರಾಂ ಬರೆದರು. ಅಲ್ಲಿಂದ ಹುಟ್ಟಿದ್ದು ಹ್ಯಾವ್ ಬ್ಲೂ, 1977ರ ಡಿಸೆಂಬರ್ 1ರಂದು ಹಾರಿದ ಗುಟ್ಟಿನ ವಿಮಾನ. ಅದರ ಮುಂದುವರಿಕೆಯೇ ಅಮೆರಿಕದ ಸ್ಟೆಲ್ತ್ ವಿಮಾನ ಎಫ್-117.

ಅದರ ಟೆಸ್ಟಿಂಗ್ ಕಾಲದ ಒಂದೆರಡು ಪ್ರಸಂಗ ಹೇಳಲೇಬೇಕು. ವಿಮಾನದ ಮಾದರಿಯನ್ನು ಒಂದು ಕಂಬದ ಮೇಲೆ ತಲೆಕೆಳಗಾಗಿ ಕೂರಿಸಿ ರಾಡಾರ್ ಬಿಟ್ಟು ನೋಡುತ್ತಾರೆ. ಹಾಗೆ ನೋಡಿದಾಗ ಮಾದರಿಗಿಂತ ಕಂಬವೇ ಜಾಸ್ತಿ ಕಾಣಿಸಿತು. ಕಂಬ ಹೊಸದಾಗಿ ಕಟ್ಟಬೇಕಾಯಿತು. ಇನ್ನೊಮ್ಮೆ ರಾಡಾರ್ ಆಪರೇಟರ್‌ಗೆ ಏನೂ ಕಾಣದೆ, ಮಾದರಿ ಕೆಳಗೆ ಬಿತ್ತೇನೋ ಅಂದುಕೊಳ್ಳುವಾಗ ಪರದೆ ಮೇಲೆ ಚುಕ್ಕಿ ಬಂತು, ನೋಡಿದರೆ ಮೇಲೆ ಕಾಗೆಯಂಥ ಹಕ್ಕಿ ಬಂದು ಕೂತಿತ್ತು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಸ್ಕ್ರೂ ಕಥೆ. ವಿಮಾನ ಹಾರಾಡುತ್ತಿರುವಾಗ ಒಂದು ದಿನ ಇದ್ದಕ್ಕಿದ್ದ ಹಾಗೆ ರಾಡಾರ್‌ನಲ್ಲಿ ದೂರದಿಂದಲೇ ಚೆನ್ನಾಗಿ ಕಾಣಿಸತೊಡಗಿತು. ಎಲ್ಲರೂ ತಲೆ ಕೆಡಿಸಿಕೊಂಡರು. ಇಳಿಸಿ ನೋಡಿದರೆ ಮೂರು ಸ್ಕ್ರೂಗಳನ್ನು ಪೂರ್ತಿ ಬಿಗಿ ಮಾಡಿರಲಿಲ್ಲ, ತಲೆ ಒಂದು ಕೂದಲೆಳೆಯಷ್ಟು ಮೇಲೆ ಎದ್ದಿತ್ತು. ಅಷ್ಟಕ್ಕೇ ಇಷ್ಟು.

ಯಾಕೆ ಹೀಗೆ? ಇಲ್ಲಿ ಒಂದು ಲೆಕ್ಕ ಇದೆ, ಪಿಯುಸಿ ಹುಡುಗನಿಗೆ ಕಷ್ಟ ಆಗುವುದಿಲ್ಲ. ರಾಡಾರ್ ಎಷ್ಟು ದೂರದಿಂದ ಹಿಡಿಯುತ್ತದೆ ಅನ್ನುವುದು, ವಿಮಾನ ರಾಡಾರ್‌ಗೆ ಎಷ್ಟು ದೊಡ್ಡದಾಗಿ ಕಾಣುತ್ತದೆ ಅನ್ನುವುದರ ನಾಲ್ಕನೇ ಮೂಲದ ಹಾಗೆ ನಡೆಯುತ್ತದೆ. ಅಂದರೆ 200 ಕಿಲೋಮೀಟರ್‌ನಿಂದ ಕಾಣುವ ವಿಮಾನ 100 ಕಿಲೋಮೀಟರ್‌ಗೆ ಬಂದ ಮೇಲಷ್ಟೇ ಕಾಣಬೇಕು ಅಂದರೆ, ಅದು ರಾಡಾರ್‌ಗೆ ಕಾಣುವ ಗಾತ್ರವನ್ನು 16ರಲ್ಲಿ ಒಂದು ಪಾಲು ಮಾಡಬೇಕು. 20 ಕಿಲೋಮೀಟರ್‌ಗೆ ಇಳಿಸಬೇಕು ಅಂದರೆ 10,000ದಲ್ಲಿ ಒಂದು ಪಾಲು! ಅರ್ಧ ಮಾಡಿದೆ, ಕಾಲು ಮಾಡಿದೆ ಅಂದರೆ ಏನೂ ಪ್ರಯೋಜನ ಇಲ್ಲ. ಅಷ್ಟು ಸಣ್ಣದು ಮಾಡಿದ ಮೇಲೆ ಮೂರು ಸ್ಕ್ರೂ ತಲೆಯೇ ವಿಮಾನಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಕಾಣುವುದೇ ಇಲ್ಲ ಅಂತಲ್ಲ, ಇದನ್ನೂ ಹೇಳಿಬಿಡುತ್ತೇನೆ. ಮಂಜು ಕವಿದ ಬೆಳಿಗ್ಗೆ ರೊಬಸ್ಟಾ ಗಿಡಗಳ ನಡುವೆ ಆನೆ ಸುಮ್ನೆ ನಿಂತರೆ ಹತ್ತು ಅಡಿ ದೂರ ಹೋಗುವವರೆಗೂ ನಮಗೆ ಗೊತ್ತಾಗುವುದಿಲ್ಲ, ಆದರೆ ನಾಯಿಗೆ ಆಗಲೇ ಗೊತ್ತಾಗಿರುತ್ತದೆ, ಅಲ್ವಾ? ಸ್ಟೆಲ್ತ್ ಆಕಾರ ಮುಖ್ಯವಾಗಿ ಗುರಿ ಹಿಡಿಯುವ ಸಣ್ಣ ಅಲೆಯ ರಾಡಾರ್‌ಗೆ ಮಾಡಿದ್ದು. ಉದ್ದ ಅಲೆಯ ಹಳೆಯ ಕಾಲದ ರಾಡಾರ್‌ಗಳಿಗೆ ಅದರ ವಾಸನೆ ಬಡಿಯುತ್ತದೆ, ಆದರೆ ಅವು ನಿಖರವಾಗಿ ಇಲ್ಲೇ ಇದೆ ಅಂತ ತೋರಿಸಲಾರವು. 1999ರ ಮಾರ್ಚ್ 27ರಂದು ಸರ್ಬಿಯಾದವರು ಹಳೆಯ ಎಸ್-125 ಮಿಸೈಲ್‌ನಿಂದಲೇ ಒಂದು ಎಫ್-117 ಹೊಡೆದು ಉರುಳಿಸಿದರು. ವಿಮಾನಗಳು ದಿನಾ ಒಂದೇ ದಾರಿಯಲ್ಲಿ ಬರುತ್ತಿದ್ದದ್ದೂ ಅವರಿಗೆ ಅನುಕೂಲ ಆಯಿತು.

ಸರಿ, ಈಗ ನಿಮ್ಮ ಎರಡನೇ ಪ್ರಶ್ನೆ. ಹಾರಿದ ಮೇಲೆ ಇನ್ನೇನು ಕೆಲಸ?

ಹಾರುವ ಮುಂಚೆ ನಡೆಯುವುದನ್ನು ಬೇಗ ಮುಗಿಸುತ್ತೇನೆ. ವಿಂಡ್ ಟನಲ್‌ನಲ್ಲಿ ಸಣ್ಣ ಮಾದರಿಗೆ ಗಾಳಿ ಬಿಟ್ಟು ನೋಡುತ್ತಾರೆ, ಬೆಂಗಳೂರಿನ ಎನ್‌ಎಎಲ್ ಎಂಬ ವೈಮಾನಿಕ ಪ್ರಯೋಗಾಲಯದಲ್ಲಿ 1.2 ಮೀಟರ್‌ನ ಅಂಥ ಟನಲ್ 1960ರ ದಶಕದಿಂದ ಇದೆ. ಐರನ್ ಬರ್ಡ್ ಅಂತ ಕಬ್ಬಿಣದ ಚೌಕಟ್ಟು ಕಟ್ಟಿ ಅದರ ಮೇಲೆ ನಿಜವಾದ ಹೈಡ್ರಾಲಿಕ್, ನಿಜವಾದ ಕಂಪ್ಯೂಟರ್ ಜೋಡಿಸಿ ನೆಲದ ಮೇಲೇ ಹಾರಿಸುತ್ತಾರೆ. ಪೂರ್ತಿ ವಿಮಾನವನ್ನೇ ಒಂದನ್ನು ಸರಳು, ಜ್ಯಾಕ್‌ಗಳಿಂದ ಎಳೆದು, ಹಾರಾಟದಲ್ಲಿ ಬರಬಹುದಾದ ಅತಿ ದೊಡ್ಡ ಭಾರದ ಒಂದೂವರೆ ಪಟ್ಟು ಹೇರುತ್ತಾರೆ. ಇನ್ನೊಂದನ್ನು ವರ್ಷಗಟ್ಟಲೆ ಅಲ್ಲಾಡಿಸುತ್ತಾರೆ, ಬಿರುಕು ಎಲ್ಲಿ ಬರುತ್ತದೆ ಅಂತ. ಎಫ್-35ಬಿಯ ಇಂಥ ಟೆಸ್ಟ್ 16,000 ಗಂಟೆ ನಡೆಯಬೇಕಿತ್ತು. 2010ರ ನವೆಂಬರ್‌ನಲ್ಲಿ, ಸುಮಾರು 1,500 ಗಂಟೆಗೇ, ಮೈಯ ಭಾರ ಹೊರುವ ಒಂದು ಅಡ್ಡಗೋಡೆಯಲ್ಲಿ ಬಿರುಕು ಬಂತು. ಈ ಅಲ್ಲಾಡಿಸುವ ಕೆಲಸ ವಿಮಾನ ಹಾರಲು ಶುರುವಾದ ಮೇಲೂ ನಡೆಯುತ್ತಲೇ ಇರುತ್ತದೆ ಅನ್ನುವುದನ್ನು ಗಮನಿಸಿ.

ಮೊದಲ ಹಾರಾಟದ ದಿನ ಹೂವು, ತೆಂಗಿನಕಾಯಿ, ಫೋಟೊ ಎಲ್ಲ ಇರುತ್ತದೆ. ಹಾರಾಟ ಮಾತ್ರ ಸಪ್ಪೆ. ಸಾಮಾನ್ಯವಾಗಿ ಚಕ್ರ ಮಡಚುವುದಿಲ್ಲ, ನಿಧಾನವಾಗಿ ಒಂದು ಸುತ್ತು ಬಂದು ಇಳಿಯುತ್ತಾರೆ. ನಮ್ಮದೇ ಯುದ್ಧವಿಮಾನ ತೇಜಸ್ ಹಾಗೇ ಮಾಡಿತು. 2001ರ ಜನವರಿ 4ರಂದು ವಿಂಗ್ ಕಮಾಂಡರ್ ರಾಜೀವ್ ಕೊಥಿಯಾಲ್ ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣದಿಂದ ಅದನ್ನು ಮೇಲೆ ಎತ್ತಿದರು. ಆಮೇಲೆ ಅದು ವಾಯುಪಡೆಗೆ ಒಪ್ಪಿಗೆಯಾದದ್ದು, ಮೊದಲ ಹಂತ 2013ರ ಡಿಸೆಂಬರ್, ಕೊನೆಯ ಹಂತ 2019ರ ಫೆಬ್ರವರಿ. ಲೆಕ್ಕ ಹಾಕಿ, ಹದಿನೆಂಟು ವರ್ಷ. ಅದರಲ್ಲಿ ನಮ್ಮ ತಪ್ಪು, ದುಡ್ಡಿನ ತಾಪತ್ರಯ, ಅದಕ್ಕೆಂದು ನಾವೇ ಮಾಡಹೊರಟ ಕಾವೇರಿ ಎಂಜಿನ್ ಕೈಗೂಡದೆ ಹೋದದ್ದು, ಪೋಖ್ರಾನ್ ಆದ ಮೇಲೆ 1998ರಲ್ಲಿ ಅಮೆರಿಕ ಹೇರಿದ ನಿರ್ಬಂಧ, ಎಲ್ಲ ಇದೆ. ನಿರ್ಬಂಧದ ಹೊತ್ತಿಗೆ ನಮ್ಮ ಹುಡುಗರು ಅಲ್ಲೇ ಲಾಕ್‌ಹೀಡ್ ಮಾರ್ಟಿನ್ ಜೊತೆ ಹಾರಾಟ ನಿಯಂತ್ರಣದ ಕೆಲಸ ಮಾಡುತ್ತಿದ್ದರು. ಸಾಮಾನು ಅಲ್ಲೇ ಬಿಟ್ಟು ಬರಬೇಕಾಯಿತು. ಇಲ್ಲಿ ಬಂದು ತಾವೇ ಮಾಡಿ ಮುಗಿಸಿದರು. ತೇಜಸ್ ಬಗ್ಗೆ ಬೈಯುವವರು ಈ ಒಂದು ಸಂಗತಿಯನ್ನಾದರೂ ನೆನಪಿಟ್ಟುಕೊಳ್ಳಬೇಕು ಅಂತ ನನ್ನ ಆಸೆ.

ಮೊದಲ ಹಾರಾಟ ಆದ ಮೇಲೆ ಒಂದೊಂದೇ ಹೆಜ್ಜೆ. ಇವತ್ತು ಇಷ್ಟು ವೇಗ, ಇಷ್ಟು ಎತ್ತರ. ನಾಳೆ ಸ್ವಲ್ಪ ಜಾಸ್ತಿ. ಇದರಲ್ಲಿ ನಮಗೆ ಎಲ್ಲಕ್ಕಿಂತ ಹೆದರಿಕೆ ಫ್ಲಟರ್‌ದು. ಜೋರು ಗಾಳಿಗೆ ಕಟ್ಟಿದ ಟಾರ್ಪಾಲ್ ಒಂದು ಹದಕ್ಕೆ ಬಂದಾಗ ಪಟಪಟ ಅಂತ ತಾನೇ ಬಡಿದುಕೊಂಡು ಹರಿದುಹೋಗುತ್ತದಲ್ಲ, ಹಾಗೆ. ರೆಕ್ಕೆಗೂ ಒಂದು ವೇಗದಲ್ಲಿ ಅದೇ ಆಗಬಹುದು, ಶುರುವಾದರೆ ಕೆಲವು ಸೆಕೆಂಡಿನಲ್ಲಿ ರೆಕ್ಕೆಯೇ ಇರುವುದಿಲ್ಲ. ಅದಕ್ಕೆ ಒಂದೊಂದು ವೇಗದಲ್ಲೂ ರೆಕ್ಕೆಯನ್ನು ಬೇಕಂತಲೇ ಸ್ವಲ್ಪ ನಡುಗಿಸುತ್ತಾರೆ. ನಡುಕ ಎಷ್ಟು ಬೇಗ ಸತ್ತುಹೋಗುತ್ತದೆ ಅಂತ ನಾವು ಕೆಳಗೆ ಪರದೆಯಲ್ಲಿ ನೋಡುತ್ತೇವೆ. ಬೇಗ ಸತ್ತರೆ ಮುಂದಿನ ಹೆಜ್ಜೆ. ನಿಧಾನಕ್ಕೆ ಸತ್ತರೆ ಪೈಲಟ್‌ಗೆ ಸಾಕು, ವಾಪಸ್ ಬನ್ನಿ ಅನ್ನುತ್ತೇವೆ. ಆ ದಿನದ ಕೆಲಸ ಅಲ್ಲಿಗೆ ಮುಗಿಯಿತು. ಡೇಟಾ ಕೂತು ನೋಡುವುದಕ್ಕೆ ಇನ್ನೊಂದು ವಾರ.

ನನ್ನದೇ ಒಂದು ಅನುಭವ ಹೇಳುತ್ತೇನೆ, ಎಲ್ಲಿ, ಯಾವ ವಿಮಾನ ಅಂತ ಕೇಳಬೇಡಿ. ಒಂದು ಬೆಳಿಗ್ಗೆ ಹಾರಾಟ ಶುರುವಾಗಿ ನಾಲ್ಕು ನಿಮಿಷಕ್ಕೆ ನನ್ನ ಪರದೆಯಲ್ಲಿ ಒಂದು ಗೆರೆ ಉಲ್ಟಾ ಹೋಯಿತು. ಮೇಲೆ ಹೋಗಬೇಕಾದದ್ದು ಕೆಳಗೆ. ಬಾಯಿ ಒಣಗಿತು. ನಿಲ್ಲಿಸಿ ಅಂದೆ. ವಿಮಾನ ಇಳಿಯಿತು, ಮೂರು ದಿನ ಹುಡುಕಿದರು. ಕೊನೆಗೆ ನೋಡಿದರೆ ಹಿಂದಿನ ರಾತ್ರಿ ಒಂದು ಸೆನ್ಸರ್ ಬದಲಿಸುವಾಗ ಎರಡು ವಯರ್ ಅದಲುಬದಲಾಗಿತ್ತು. ವಿಮಾನಕ್ಕೆ ಏನೂ ಆಗಿರಲೇ ಇಲ್ಲ. ಮೂರು ದಿನ ಹಾಳು ಅಂತ ಮೇಲಿನವರು ಗೊಣಗಿದರು, ಸರಿಯೇ. ಆದರೆ ಅದು ವಯರ್ ತಪ್ಪು ಅಂತ ಮೂರು ದಿನದ ಮುಂಚೆ ಯಾರಿಗೆ ಗೊತ್ತಿತ್ತು? ನೀವು ಕೇಳಿದ ಆರೇಳು ವರ್ಷ ಅನ್ನುವುದು ಇಂಥ ಮೂರು ಮೂರು ದಿನಗಳು ಸೇರಿ ಆಗುವುದು.

ಆಮೇಲೆ ಕಂಪ್ಯೂಟರ್. ಇಂದಿನ ಯುದ್ಧವಿಮಾನವನ್ನು ಬೇಕಂತಲೇ ತಾನಾಗಿ ನೆಟ್ಟಗೆ ನಿಲ್ಲದ ಹಾಗೆ ಮಾಡಿರುತ್ತಾರೆ, ಚುರುಕಾಗಿ ತಿರುಗಲಿ ಅಂತ. ಕಂಪ್ಯೂಟರ್ ಪ್ರತಿ ಕ್ಷಣ ತಿದ್ದುತ್ತಾ ಇರುವುದರಿಂದ ಅದು ಹಾರುತ್ತದೆ. ಪೈಲಟ್ ಕೈ ಒಂದು ಕಡೆ, ಕಂಪ್ಯೂಟರ್ ಇನ್ನೊಂದು ಕಡೆ ಎಳೆದಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ವೈಎಫ್-22 ಇದೆ, ಅಮೆರಿಕದ ಸ್ಟೆಲ್ತ್ ಯುದ್ಧವಿಮಾನ ಎಫ್-22ರ ಮುಂಚಿನ ಮಾದರಿ. 1992ರ ಏಪ್ರಿಲ್ 25ರಂದು ಎಡ್ವರ್ಡ್ಸ್ ವಾಯುನೆಲೆಯಲ್ಲಿ ರನ್‌ವೇ ಮೇಲೆ ಕೆಳಗೆ ಹಾರುವಾಗ ಮೂತಿ ಮೇಲೆ, ಕೆಳಗೆ, ಮೇಲೆ ಅಂತ ತೂಗಾಡಿ ಹೊಟ್ಟೆಯ ಮೇಲೆ ಜಾರಿ ಬೆಂಕಿ ಹತ್ತಿತು. ಪೈಲಟ್ ಬದುಕಿದರು. ವಿಮಾನದಲ್ಲಿ ಒಂದು ಭಾಗವೂ ಮುರಿದಿರಲಿಲ್ಲ. ಮನುಷ್ಯನ ಕೈ ಮತ್ತು ಸಾಫ್ಟ್‌ವೇರ್ ನಡುವಿನ ಹೊಂದಾಣಿಕೆ ತಪ್ಪಿತ್ತು. ಅದೇ ಎಫ್-22, ಸೇವೆಗೆ ಬಂದ ಮೇಲೆ, 2007ರ ಫೆಬ್ರವರಿಯಲ್ಲಿ ಹವಾಯಿಯಿಂದ ಜಪಾನ್‌ಗೆ ಹೋಗುವಾಗ ಅಂತರರಾಷ್ಟ್ರೀಯ ದಿನರೇಖೆ ದಾಟಿದ ಕೂಡಲೇ ಕಂಪ್ಯೂಟರ್‌ಗಳು ಮಲಗಿಬಿಟ್ಟವು. ದಾರಿ ತೋರಿಸುವುದೂ ಇಲ್ಲ, ಇಂಧನ ಎಷ್ಟಿದೆ ಅನ್ನುವುದೂ ಇಲ್ಲ. ಜೊತೆಗಿದ್ದ ಇಂಧನ ತುಂಬುವ ವಿಮಾನಗಳ ಹಿಂದೆ ಹಿಂದೆ ಹೋಗಿ ಹವಾಯಿಗೆ ವಾಪಸಾದರು. ಇಷ್ಟು ವರ್ಷ ಟೆಸ್ಟ್ ಮಾಡಿದ ವಿಮಾನದ ಕಥೆ ಇದು!

ಸ್ಟೆಲ್ತ್ ವಿಮಾನಕ್ಕೇ ವಿಶೇಷವಾದ ತಲೆನೋವು ಎರಡು. ಒಂದು ಹೊಟ್ಟೆಯ ಬಾಗಿಲು. ಶಬ್ದಕ್ಕಿಂತ ವೇಗವಾಗಿ ಹೋಗುವಾಗ ಬಾಗಿಲು ತೆಗೆದರೆ ಆ ಗೂಡಿನೊಳಗೆ ಗಾಳಿ ನುಗ್ಗಿ ದೊಡ್ಡ ಸದ್ದಿನಲ್ಲಿ ಕಂಪಿಸುತ್ತದೆ. ಖಾಲಿ ಬಾಟಲಿ ಬಾಯಿಗೆ ಊದಿದರೆ ಬರುತ್ತದಲ್ಲ, ಅದೇ ತತ್ವ, ಆದರೆ ಒಳಗಿನ ಸಾಮಾನು ಒಡೆಯುವಷ್ಟು ಜೋರು. ಮಿಸೈಲ್ ಕೆಳಗೆ ಬಿಟ್ಟರೆ ಗಾಳಿ ಅದರ ಮೂತಿಯನ್ನು ತಿರುಗಿಸಿ ವಿಮಾನಕ್ಕೇ ಬಡಿಸಬಹುದು. ಹಾಗಾಗಿ ಪ್ರತಿಯೊಂದು ಆಯುಧವನ್ನೂ, ಪ್ರತಿಯೊಂದು ವೇಗದಲ್ಲೂ, ನೇರ ಹೋಗುವಾಗ, ತಿರುಗುವಾಗ, ಬಿಟ್ಟು ನೋಡಬೇಕು. ಬಾಗಿಲು ತೆಗೆದಷ್ಟು ಹೊತ್ತು ರಾಡಾರ್‌ಗೆ ಕಾಣುತ್ತದೆ, ಆದ್ದರಿಂದ ತೆಗೆದು, ಬಿಟ್ಟು, ಮುಚ್ಚುವುದೆಲ್ಲ ಕೆಲವೇ ಸೆಕೆಂಡಿನಲ್ಲಿ ಆಗಬೇಕು. ಆ ಬಾಗಿಲಿನ ಅಂಚು ಮುಚ್ಚಿದಾಗ ಮತ್ತೆ ಸಂದಿಲ್ಲದೆ ಕೂರಬೇಕು. ಮತ್ತೆ ಸ್ಕ್ರೂ ಕಥೆ.

ಎರಡನೆಯದು ಬಿಸಿ. ಸಾಮಾನ್ಯ ವಿಮಾನದಲ್ಲಿ ಅಲ್ಲಲ್ಲಿ ಗಾಳಿ ಕಿಂಡಿ ಇಟ್ಟು ಎಲೆಕ್ಟ್ರಾನಿಕ್ಸ್ ತಣ್ಣಗೆ ಮಾಡುತ್ತಾರೆ. ಇಲ್ಲಿ ಕಿಂಡಿ ಇಟ್ಟರೆ ರಾಡಾರ್‌ಗೆ ಕಾಣುತ್ತದೆ. ಎಫ್-35ರಲ್ಲಿ ಒಳಗಿನ ಬಿಸಿಯನ್ನು ಬಹುಮಟ್ಟಿಗೆ ಇಂಧನಕ್ಕೇ ದಾಟಿಸುತ್ತಾರೆ. ಇಂಧನವೇ ಬಿಸಿಯಾಗಿದ್ದರೆ ಏನು ಗತಿ? 2014ರಲ್ಲಿ ಅರಿಜೋನಾ ಮರುಭೂಮಿಯ ಲ್ಯೂಕ್ ವಾಯುನೆಲೆಯವರು ಇಂಧನದ ಲಾರಿಗಳಿಗೆ ಬಿಳಿ ಬಣ್ಣ ಹೊಡೆಸಿದರು, ಬಿಸಿಲಿಗೆ ಇಂಧನ ಕಾಯದಿರಲಿ ಅಂತ. ರಾಜಸ್ಥಾನದ ವಾಯುನೆಲೆಗಳ ಬಿಸಿಲನ್ನು ನೆನಪಿಸಿಕೊಂಡರೆ ನಮ್ಮ ಎಎಂಸಿಎ ಮಾಡುವವರಿಗೆ ಈ ವಿಷಯ ಎಷ್ಟು ಕಾಡುತ್ತಿರಬಹುದು ಅಂತ ಊಹಿಸಬಹುದು.

ಮಳೆ, ಮಂಜು, ಹಿಮ, ಬಿಸಿಲಿಗೆ ಬೇರೆ ಟೆಸ್ಟ್ ಇದೆ. 2014ರಲ್ಲಿ ಶುರು ಮಾಡಿ ಒಂದು ಎಫ್-35ಬಿಯನ್ನು ಫ್ಲೋರಿಡಾದ ಮೆಕಿನ್ಲಿ ಪ್ರಯೋಗಾಲಯದ ದೊಡ್ಡ ಹ್ಯಾಂಗರ್‌ನಲ್ಲಿ ತಿಂಗಳುಗಟ್ಟಲೆ ಇಟ್ಟು, ಮೈನಸ್ 40 ಡಿಗ್ರಿಯಿಂದ ಸುಮಾರು 49 ಡಿಗ್ರಿ ಸೆಲ್ಸಿಯಸ್‌ವರೆಗೆ ಬೇಯಿಸಿ, ಹೆಪ್ಪುಗಟ್ಟಿಸಿ, ಕೃತಕ ಮಳೆ ಸುರಿಸಿ ನೋಡಿದರು. ನಾವು ತೇಜಸ್‌ಗೆ ಅಂಥ ಹ್ಯಾಂಗರ್ ಹುಡುಕಿಕೊಂಡು ಹೋಗಲಿಲ್ಲ, ದೇಶವೇ ಹ್ಯಾಂಗರ್. 2008ರ ಬೇಸಿಗೆಯಲ್ಲಿ ನಾಗಪುರಕ್ಕೆ ಹೋದರು, ಅದೇ ವರ್ಷ ಡಿಸೆಂಬರ್‌ನಲ್ಲಿ ಲೇಹ್‌ಗೆ. ಮಳೆಗೆ ಭಾಗಮಂಡಲಕ್ಕೆ ತಂದು ನಿಲ್ಲಿಸಬಹುದಿತ್ತು ಅಂತ ನಾವು ತಮಾಷೆ ಮಾಡುತ್ತಿದ್ದೆವು, ರನ್‌ವೇ ಒಂದು ಇಲ್ಲ.

ಇನ್ನು ನಿಮ್ಮ ಮಗ ಕೇಳಬಹುದಾದ ಮುಂದಿನ ಪ್ರಶ್ನೆಯನ್ನು ನಾನೇ ಕೇಳಿಕೊಳ್ಳುತ್ತೇನೆ. ಹಾರಿದ ಕೂಡಲೇ ವಾಯುಪಡೆಗೆ ಕೊಟ್ಟು, ಬಳಸುತ್ತಾ ಬಳಸುತ್ತಾ ಸರಿ ಮಾಡಿಕೊಂಡರೆ ಆಗುವುದಿಲ್ಲವೇ? ಅದನ್ನು ಮಾಡಿ ನೋಡಿದ್ದಾರೆ. ಎಫ್-35ಕ್ಕೆ 2001ರ ಅಕ್ಟೋಬರ್‌ನಲ್ಲಿ ಒಪ್ಪಂದ ಆಯಿತು, 2006ರ ಡಿಸೆಂಬರ್‌ನಲ್ಲಿ ಮೊದಲ ಹಾರಾಟ. ಟೆಸ್ಟ್ ಮುಗಿಯುವ ಮುಂಚೆಯೇ ಫ್ಯಾಕ್ಟರಿಯಲ್ಲಿ ಸಾಲಾಗಿ ವಿಮಾನ ಮಾಡತೊಡಗಿದರು. ಟೆಸ್ಟ್‌ನಲ್ಲಿ ತಪ್ಪು ಸಿಕ್ಕಿದಾಗಲೆಲ್ಲ ಆಗಲೇ ಮಾಡಿಟ್ಟ ವಿಮಾನಗಳನ್ನು ಬಿಚ್ಚಿ ತಿದ್ದಬೇಕಾಯಿತು. 2012ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಯಲ್ಲಿ ಖರೀದಿ ನೋಡಿಕೊಳ್ಳುತ್ತಿದ್ದ ಫ್ರಾಂಕ್ ಕೆಂಡಾಲ್ ಅವರೇ ಇದನ್ನು ಮಾಡಬಾರದ ಕೆಲಸ ಅಂತ ಬಹಿರಂಗವಾಗಿ ಬೈದರು. ಅಭಿವೃದ್ಧಿಯ ಹಾರಾಟ ಟೆಸ್ಟ್ ಮುಗಿದದ್ದು 2018ರ ಏಪ್ರಿಲ್‌ನಲ್ಲಿ, 9,200ಕ್ಕೂ ಹೆಚ್ಚು ಹಾರಾಟ, ಸುಮಾರು 17,000 ಗಂಟೆ ಆದ ಮೇಲೆ. ಪೂರ್ಣ ಪ್ರಮಾಣದ ಉತ್ಪಾದನೆಗೆ ಒಪ್ಪಿಗೆ ಸಿಕ್ಕಿದ್ದು 2024ರ ಮಾರ್ಚ್‌ನಲ್ಲಿ. ದುಡ್ಡು, ಜನ, ಅನುಭವ ಎಲ್ಲ ಇದ್ದವರಿಗೇ ಇಷ್ಟು ಹಿಡಿಯಿತು.

ನಮ್ಮದಕ್ಕೆ ಬಂದರೆ, ಎಎಂಸಿಎ ಎರಡು ಎಂಜಿನ್ನಿನ, ಸುಮಾರು 25 ಟನ್ ತೂಕದ ವಿಮಾನ, ಬೆಂಗಳೂರಿನ ಎಡಿಎ ಅನ್ನುವ ಸರ್ಕಾರಿ ಸಂಸ್ಥೆಯ ವಿನ್ಯಾಸ. 2024ರ ಮಾರ್ಚ್‌ನಲ್ಲಿ ಕೇಂದ್ರದ ಭದ್ರತಾ ಸಂಪುಟ ಸಮಿತಿ ಸುಮಾರು 15,000 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ಐದು ಮೂಲಮಾದರಿಗಳನ್ನು ಕಟ್ಟುತ್ತಾರೆ. ಪೂರ್ತಿ ಗಾತ್ರದ ಮಾದರಿಯನ್ನು 2025ರ ಫೆಬ್ರವರಿಯಲ್ಲಿ ಯಲಹಂಕದ ಏರೋ ಇಂಡಿಯಾದಲ್ಲಿ ನಿಲ್ಲಿಸಿದ್ದರು, ಬಹುಶಃ ನಿಮ್ಮ ಮಗ ಅದರ ಫೋಟೊ ನೋಡಿರಬಹುದು. ಅದು ಬರೀ ಆಕಾರ, ಒಳಗೆ ಏನೂ ಇಲ್ಲ. ಮೊದಲ ಹಂತಕ್ಕೆ ಜಿಇ ಕಂಪನಿಯ ಎಫ್414 ಎಂಜಿನ್, 98 ಕಿಲೋನ್ಯೂಟನ್ ನೂಕುಬಲ. ಎರಡನೇ ಹಂತಕ್ಕೆ ಇನ್ನೂ ಶಕ್ತಿಯ ಎಂಜಿನ್ನನ್ನು ಫ್ರಾನ್ಸಿನ ಸಾಫ್ರಾನ್ ಜೊತೆ ಸೇರಿ ಮಾಡುವ ಯೋಜನೆ. ಹೊಟ್ಟೆಯೊಳಗೆ 1,500 ಕಿಲೋ ಆಯುಧ ಹಿಡಿಸಬೇಕು. ಐದು ವಿಮಾನ ಯಾಕೆ ಅಂದರೆ, ಒಂದರಲ್ಲಿ ಫ್ಲಟರ್ ನೋಡುವಾಗ ಇನ್ನೊಂದರಲ್ಲಿ ರಾಡಾರ್, ಮತ್ತೊಂದರಲ್ಲಿ ಆಯುಧ ಬಿಡುವುದು ಹೀಗೆ ಹಂಚಿಕೊಳ್ಳಬಹುದು. ಒಂದು ಕೆಟ್ಟು ನಿಂತರೆ, ನಿಲ್ಲುತ್ತದೆ ಬಿಡಿ, ಕೆಲಸ ನಿಲ್ಲುವುದಿಲ್ಲ.

ಬಾಲವಿಲ್ಲದ ಸ್ಟೆಲ್ತ್ ಆಕಾರದ ಒಂದು ಸಣ್ಣ ಪೈಲಟ್‌ರಹಿತ ವಿಮಾನವನ್ನು ಡಿಆರ್‌ಡಿಒ 2022ರ ಜುಲೈ 1ರಂದು ನಮ್ಮ ಚಿತ್ರದುರ್ಗದ ಚಳ್ಳಕೆರೆ ಕಡೆಯ ಟೆಸ್ಟ್ ರೇಂಜ್‌ನಲ್ಲಿ ಹಾರಿಸಿ ಇಳಿಸಿತ್ತು. ಅದಕ್ಕೂ ಎಎಂಸಿಎಗೂ ನೇರ ಸಂಬಂಧ ಇಲ್ಲ, ಆದರೆ ಕೈ ಪಳಗಿದೆ.

ನನ್ನ ಅಭಿಪ್ರಾಯ ಕೇಳಿದರೆ, 2035 ಅನ್ನುವುದು ಎಲ್ಲ ಸರಿಯಾಗಿ ನಡೆದರೆ ಬರುವ ವರ್ಷ. ಒಂದೆರಡು ವರ್ಷ ಹಿಂದೆ ಬಿದ್ದರೆ ನಾನು ಆಶ್ಚರ್ಯಪಡುವುದಿಲ್ಲ. ಬೇಗ ಮುಗಿಸಿದೆವು ಅಂತ ಯಾರಾದರೂ ಹೇಳಿದರೆ ಯಾವ ಟೆಸ್ಟ್ ಬಿಟ್ಟಿರಿ ಅಂತ ಮೊದಲು ಕೇಳುತ್ತೇನೆ.

ಮಗನಿಗೆ ಈ ಕಡೆ ಆಸಕ್ತಿ ಇದ್ದ ಹಾಗಿದೆ. ಕೊಡಗಿನಲ್ಲಿ ಹುಡುಗರಿಗೆ ಪೈಲಟ್ ಅಂದರೆ ಕಣ್ಣೆದುರಿಗೆ ಬರುವುದು ಮಡಿಕೇರಿಯಲ್ಲಿ ಪ್ರತಿಮೆಯಾಗಿ ನಿಂತಿರುವ ಅಜ್ಜಮಾಡ ದೇವಯ್ಯನವರು. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆ ಮೇಲಿನ ದಾಳಿಯಲ್ಲಿ ತಮ್ಮ ನಿಧಾನದ ಮಿಸ್ಟೇರ್ ವಿಮಾನದಲ್ಲಿ, ಶಬ್ದದ ಎರಡು ಪಟ್ಟು ವೇಗದ ಸ್ಟಾರ್‌ಫೈಟರ್ ಜೊತೆ ಕಾದಾಡಿ ಅದನ್ನು ಕೆಡವಿದವರು. ಆಗ ಒಬ್ಬರನ್ನೊಬ್ಬರು ಕಣ್ಣಲ್ಲಿ ನೋಡಿ, ಫಿರಂಗಿಯಿಂದ ಹೊಡೆಯುತ್ತಿದ್ದರು. ಈಗ ಯಾರು ಯಾರನ್ನು ಮೊದಲು ಕಂಡರು ಅನ್ನುವುದರಲ್ಲೇ ಅರ್ಧ ಯುದ್ಧ ಮುಗಿದಿರುತ್ತದೆ. ಪೈಲಟ್ ಆಗುವ ದಾರಿ ಎಲ್ಲರಿಗೂ ಗೊತ್ತು. ಟೆಸ್ಟ್ ಎಂಜಿನಿಯರ್ ಅಂತ ಒಂದು ಕೆಲಸ ಇದೆ ಅನ್ನುವುದು ನಮ್ಮ ಕಡೆ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಬೆಂಗಳೂರಿನಲ್ಲೇ ವಾಯುಪಡೆಯ ಟೆಸ್ಟ್ ಪೈಲಟ್ ಸ್ಕೂಲ್ ಇದೆ, ಅಲ್ಲಿ ಪೈಲಟ್‌ಗಳ ಜೊತೆ ಎಂಜಿನಿಯರುಗಳಿಗೂ ತರಬೇತಿ ಕೊಡುತ್ತಾರೆ. ಗಣಿತ, ಫಿಸಿಕ್ಸ್ ಬಿಡಬೇಡ ಅಂತ ಹೇಳಿ.

ಮುಂದಿನ ಸಲ ಮಡಿಕೇರಿಗೆ ಹೋದಾಗ ಅವನನ್ನು ಜನರಲ್ ತಿಮ್ಮಯ್ಯನವರ ಮನೆ ಸನ್ನಿಸೈಡ್‌ಗೆ ಕರೆದುಕೊಂಡು ಹೋಗಿ. ಹೊರಗೆ ಹಳೆಯ ಮಿಗ್ ನಿಲ್ಲಿಸಿದ್ದಾರೆ. ಎಲ್ಲರೂ ಅದರ ಮುಂದೆ ಸೆಲ್ಫಿ ತೆಗೆದುಕೊಳ್ಳುತ್ತಾರೆ. ಅವನು ಒಂದು ಚೀಟಿ ಹಿಡಿದುಕೊಂಡು ಸುತ್ತು ಬರಲಿ. ಬಾಲ ಮೈಗೆ ಸೇರುವ ಮೂಲೆ, ರಿವೆಟ್ ತಲೆ, ಪ್ಯಾನೆಲ್‌ಗಳ ಸಂದು, ರಾಡಾರ್‌ಗೆ ಮಿನುಗುವ ಜಾಗ ಎಷ್ಟು ಸಿಗುತ್ತವೆ ಅಂತ ಎಣಿಸಿ ನನಗೆ ಬರೆಯಲಿ. ಲೆಕ್ಕ ನಾನು ನೋಡಿ ಹೇಳುತ್ತೇನೆ, ಕರೆಂಟ್ ಬಂದ ಮೇಲೆ.